ಕೂಗುಬಂಡೆಯ ಮೇಲೆ ನಾನಿರಲಿಲ್ಲ

ಸಿಂಧನೂರಿನ ನಮ್ಮ ಆಟೋ ಸ್ಟ್ಯಾಂಡಿನಲ್ಲಿ ಬಾಡಿಗೆ ಇಲ್ಲದ ಹೊತ್ತಿಗೆ ಯಾರಾದರೊಬ್ಬರು ದೆವ್ವದ ಮಾತು ತೆಗೆಯುತ್ತಾರೆ. ಕಾಲುವೆಯ ಮೇಲೆ ಯಾರೋ ನಡೆದು ಹೋದರು, ಹಿಂದಿನ ಸೀಟಿನಲ್ಲಿದ್ದ ಮುದುಕಿ ಇಳಿಯುವ ಹೊತ್ತಿಗೆ ಇರಲೇ ಇಲ್ಲ, ಇಂಥವು. ಹೋದ ವರ್ಷದವರೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು. ಈಗಲೂ ಅವನ್ನೆಲ್ಲ ನಂಬುತ್ತೇನೆಂದಲ್ಲ, ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆಂದು ಅವರಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಏಳನೇ ತರಗತಿಗೇ ಶಾಲೆ ಬಿಟ್ಟವನು, ಬರವಣಿಗೆ ಸೊಟ್ಟಗಿದ್ದರೆ ಸುಧಾರಿಸಿಕೊಳ್ಳಿ.

ನಾನು ಹುಟ್ಟಿ ಬೆಳೆದದ್ದು ಮಸ್ಕಿಯಲ್ಲಿ. ಅವ್ವ ಬಸ್ ಸ್ಟ್ಯಾಂಡಿನ ಮುಂದೆ ಬುಟ್ಟಿ ಇಟ್ಟುಕೊಂಡು ಹಣ್ಣು ಮಾರುತ್ತಿದ್ದಳು. ದಸರಾ ಮುಗಿದು ಸೀತಾಫಲ ಬಲಿತಾಗ ನಾನೂ ನನ್ನ ತಂಗಿ ಗಂಗಮ್ಮನೂ ಊರಾಚೆಯ ಗುಡ್ಡಕ್ಕೆ ಹೋಗಿ ಹಣ್ಣು ಕಿತ್ತು ತರುತ್ತಿದ್ದೆವು. ಗುಡ್ಡದ ತುದಿಯಲ್ಲಿ ಹೊರಗೆ ಚಾಚಿದ ಒಂದು ಬಂಡೆಯಿದೆ. ಅದರ ಬುಡದಿಂದಲೇ ಕಡಿದಾದ ಕೊಳ್ಳ ಶುರುವಾಗುತ್ತದೆ. ಕೊಳ್ಳದ ತುಂಬ ಸೀತಾಫಲ, ಕಾರೆ, ಬೋರೆಗಳ ಅಡವಿ. ದಾರಿ ಎಂಬುದಿಲ್ಲ, ಕಲ್ಲುಗಳ ಸಂದಿಯಲ್ಲಿ ಇಳಿಯಬೇಕು. ಗಿಡ ತಲೆಗಿಂತ ಎತ್ತರ, ಇಳಿಯುವವರಿಗೆ ನಾಲ್ಕು ಹೆಜ್ಜೆ ಮುಂದಿನದು ಕಾಣದು.

ಅದಕ್ಕೇ ಆ ಕೊಳ್ಳಕ್ಕೆ ಯಾರೂ ಒಬ್ಬರೇ ಹೋಗುವುದಿಲ್ಲ. ಒಬ್ಬರು ಬಂಡೆಯ ಮೇಲೆ ಕೂತು ‘ಎಡಕ’, ‘ಬಲಕ’ ಎಂದು ಕೂಗಬೇಕು, ಇನ್ನೊಬ್ಬರು ಆ ದನಿ ಹಿಡಿದು ಇಳಿಯಬೇಕು. ಸೀತಾಫಲದ ಕಾಲಕ್ಕೆ ಕರಡಿಗಳೂ ಹಣ್ಣಿಗೆ ಬರುತ್ತವೆ. ಗಿಡ ಅಲುಗಿದ್ದು ಕಂಡರೆ ಮೇಲಿನವರು ‘ಕುಂದ್ರು’ ಎನ್ನಬೇಕು, ಕೆಳಗಿನವರು ಇದ್ದಲ್ಲೇ ಮುದುಡಿ ಕೂರಬೇಕು. ಆ ಬಂಡೆಗೆ ಕೂಗುಬಂಡೆ ಎಂದೇ ಹೆಸರು. ಕೆಳಗೆ ಹೋದವರು ಹತ್ತಿ ಬರುವ ತನಕ ಅದರ ಮೇಲೆ ಕೂತವರು ಏಳಬಾರದು. ತಂಗಿ ಹಗುರ, ನಾನು ಕರೆಯುತ್ತಿದ್ದುದೇ ಗುಬ್ಬಿ ಎಂದು, ಆದ್ದರಿಂದ ಯಾವಾಗಲೂ ಅವಳೇ ಇಳಿಯುವವಳು, ನಾನು ಕೂಗುವವನು.

ನಾನು ಹೇಳಬೇಕೆಂದಿರುವ ಆ ದಿನ ನನಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಮನಸ್ಸೂ ಕೆಟ್ಟಿತ್ತು. ಹಿಂದಿನ ದಿನ ಲಿಂಗಸುಗೂರಿಗೆ ಹೊರಟವನು ಬೋರ್ಡು ಸರಿಯಾಗಿ ಓದದೆ ಸಿಂಧನೂರಿನ ಬಸ್ಸು ಹತ್ತಿದ್ದೆ. ತಂಗಿ ಆಗ ಕಾಲೇಜಿಗೆ ಹೋಗುತ್ತಿದ್ದಳು. ಅವಳ ಓದಿಗಾಗಿ ನಾನು ಶಾಲೆ ಬಿಟ್ಟು ಗ್ಯಾರೇಜು ಸೇರಿದೆನೆಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಓದು ನನಗೆ ಹತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

“ಬಸ್ಸಿನ ಬೋರ್ಡ್ ಓದಾಕ ಬರಂಗಿಲ್ಲ, ನನಗ ದಾರಿ ತೋರಸ್ತಾನಂತ!” ಎಂದು ಗುಡ್ಡ ಹತ್ತುವಾಗಲೇ ಶುರು ಮಾಡಿದಳು. “ನೋಡಪಾ ಅಣ್ಣ, ನನ್ನೂ ಸಿಂಧನೂರಿಗೆ ಕಳಿಸಿಬಿಟ್ಟೀ ಮತ್ತ!”

“ಬಾಯಿ ಮುಚ್ಚಿ ಇಳಿಬೇ,” ಎಂದೆ.

ಇಳಿದಳು. ಎರಡು ಮೂರು ಸಲ ಕೂಗಿದೆ. ಕೆಳಗಿನಿಂದ ಅವಳ ದನಿ ಬಂತು: “ಅಣ್ಣಾ, ಇದು ಲಿಂಗಸೂರ ದಾರಿ ಹೌದಲ್ಲೋ?” ಜೊತೆಗೆ ನಗು.

ನಾನು ಎದ್ದೆ. ಮುಳ್ಳು ಪರಚಿಕೊಂಡು ತಾನೇ ಬರಲಿ, ಆಗ ಗೊತ್ತಾಗುತ್ತದೆ ಎಂದುಕೊಂಡು ಗುಡ್ಡದ ಊರ ಕಡೆಯ ಮಗ್ಗುಲಿಗೆ ಇಳಿದು ಒಂದು ದೊಡ್ಡ ಗುಂಡುಕಲ್ಲಿನ ನೆರಳಲ್ಲಿ ಕೂತೆ. ಅಲ್ಲಿಂದ ಕೊಳ್ಳ ಕಾಣುವುದಿಲ್ಲ, ಅಲ್ಲಿಯ ಸದ್ದೂ ಕೇಳುವುದಿಲ್ಲ. ನಿದ್ದೆ ಬಂದಿರಲಿಲ್ಲ, ಅದು ಚೆನ್ನಾಗಿ ನೆನಪಿದೆ. ದೂರದ ಗದ್ದೆಗಳನ್ನು ನೋಡುತ್ತ ಸುಮ್ಮನೆ ಕೂತಿದ್ದೆ. ಬಿಸಿಲು ಕೆಂಪಾಯಿತು. ಕರಡಿ ಬರುವ ಹೊತ್ತು. ಓಡಿ ಬಂದು ಬಂಡೆ ಹತ್ತಿದೆ. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನ ಗಿಡ ಸರಿಸಿಕೊಂಡು ಗಂಗಮ್ಮ ಬಂದಳು.

ಹಣ್ಣಿನ ಗಂಟು ಇರಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಬಂದವಳೇ ನನ್ನ ಎರಡೂ ಕೈ ಹಿಡಿದುಕೊಂಡಳು.

“ಅಣ್ಣ, ನೀ ಕೂಗದಿದ್ರ ಇವತ್ತ ನಾ ಉಳೀತಿರಲಿಲ್ಲ. ‘ಕುಂದ್ರು ಗುಬ್ಬಿ, ಅಲ್ಲೇ ಕುಂದ್ರು’ ಅಂದಿ ನೋಡು, ಕುಂತೆ. ಎದುರಿಗೇ ಕರಡಿ ಬಂತು, ಎರಡು ಮರಿ ಬೆನ್ನ ಮ್ಯಾಲೆ ಹೊತ್ಕೊಂಡಿತ್ತು. ನೀ ‘ಈಗ ಏಳು’ ಅನ್ನೂತನಕ ನಾ ಉಸುರ ಬಿಟ್ಟಿಲ್ಲ. ಗಂಟಲ ಕಟ್ಟಿದ್ರೂ ಮ್ಯಾಲೆ ಬರೂತನಕ ದಾರಿ ಹೇಳಿದಿ.”

ಆಗ ನಿಜ ಹೇಳಬಹುದಿತ್ತು. ನಾನು “ಹೂಂ” ಎಂದೆ. ಆ ಒಂದು ‘ಹೂಂ’ ಅನ್ನು ಇಷ್ಟು ವರ್ಷ ಹೊತ್ತುಕೊಂಡು ಬಂದಿದ್ದೇನೆ.

ಅವ್ವ ಊರ ದೇವರು ಮಲ್ಲಯ್ಯನಿಗೆ ಕಾಯಿ ಒಡೆಸಿದಳು. ತಂಗಿಯನ್ನು ಮುಕ್ಕುಂದ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟೆವು, ಅಲ್ಲಿಯೂ ಈ ಕಥೆ ಹೋಯಿತು. ಪ್ರತಿ ದೀಪಾವಳಿಗೆ ತವರಿಗೆ ಬಂದು ನನಗೆ ಆರತಿ ಬೆಳಗುವಾಗ ಮಕ್ಕಳಿಗೆ ಹೇಳುತ್ತಿದ್ದಳು: ನಿಮ್ಮ ಮಾಮಾ ಕೂಗಿದ, ನಾ ಉಳಿದೆ. ನಾನು ತಲೆ ತಗ್ಗಿಸಿ ಆರತಿ ಎತ್ತಿಸಿಕೊಳ್ಳುತ್ತಿದ್ದೆ. ಯಾರೋ ಕುರಿ ಕಾಯುವವನು ಕಂಡು ಕೂಗಿರಬೇಕು, ಅಂಜಿಕೆಯಲ್ಲಿ ಅವಳಿಗೆ ಅದು ನನ್ನ ದನಿಯಂತೆ ಕೇಳಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೆ.

ಹೋದ ದೀಪಾವಳಿಗೆ ಮಕ್ಕಳು ಆ ಬಂಡೆ ನೋಡಬೇಕೆಂದು ಹಟ ಹಿಡಿದರು. ಎಲ್ಲರೂ ಹತ್ತಿದೆವು. “ಇವತ್ತ ನಾ ಕೂಗತೀನಿ, ನೀ ಇಳಿ. ಬೋರ್ಡ್ ಏನೂ ಇಲ್ಲ, ಅಂಜಬ್ಯಾಡ,” ಎಂದಳು ತಂಗಿ. ನಗುತ್ತಲೇ ಇಳಿದೆ. ಒಂದಷ್ಟು ದೂರ ಅವಳ ‘ಎಡಕ’, ‘ಬಲಕ’ ಸ್ಪಷ್ಟವಾಗಿ ಕೇಳುತ್ತಿತ್ತು. ಆಮೇಲೆ, ಅವಳು ಸಾಮಾನ್ಯವಾಗಿ ಇಳಿಯುತ್ತಿದ್ದುದಕ್ಕಿಂತ ಕೆಳಗೆ, ಕರಡಿ ಎದುರಾಯಿತೆಂದು ಅವಳು ಎಷ್ಟೋ ಸಲ ಹೇಳಿದ್ದ ಜಾಗ ಸಿಕ್ಕಿತು. ವಾಲಿದ ಕಲ್ಲು, ಪಕ್ಕದಲ್ಲಿ ಅತ್ತಿಮರ. ಅವಳು ಕೂತ ಹಾಗೆಯೇ ಕೂತು ಮೇಲೆ ನೋಡಿದೆ.

ಕೂಗುಬಂಡೆ ಕಾಣಲಿಲ್ಲ. ನಡುವೆ ಗುಡ್ಡದ ಹೊಟ್ಟೆ ಅಡ್ಡ ಬಂದಿತ್ತು. ತಂಗಿಯ ದನಿಯೂ ಬರೀ ಗುಂಯ್ ಎನ್ನುತ್ತಿತ್ತು, ಒಂದು ಮಾತೂ ತಿಳಿಯುತ್ತಿರಲಿಲ್ಲ. ಆ ದಿನ ನಾನು ಬಂಡೆ ಬಿಟ್ಟು ಏಳದೆ ಇದ್ದಿದ್ದರೂ ಕರಡಿ ನನಗೆ ಕಾಣುತ್ತಿರಲಿಲ್ಲ. ಕೂಗಿದ್ದರೂ ಅವಳಿಗೆ ಕೇಳುತ್ತಿರಲಿಲ್ಲ. ಇದರಿಂದ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ.

ಹತ್ತಿ ಬಂದು, ಮಕ್ಕಳು ದೂರ ಆಡುತ್ತಿದ್ದಾಗ, ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನನ್ನ ಅಂಗಿಗೆ ಹತ್ತಿದ್ದ ಮುಳ್ಳು ತೆಗೆಯುತ್ತ ಕೇಳಿದಳು.

“ಸುಳ್ಳ ಹೇಳಬ್ಯಾಡ.”

“ಖರೇನ ಹೇಳಾಕತ್ತೀನಿ. ನಾ ಇಲ್ಲಿ ಇರಲಿಲ್ಲ.”

“ನಿನ್ನ ದನಿ ನನಗ ಗುರ್ತ ಸಿಗಂಗಿಲ್ಲೇನು? ನೆಗಡಿ ಆದ ದನಿ. ನನ್ನ ಗುಬ್ಬಿ ಅಂತ ಕರಿಯೋರು ಬ್ಯಾರೆ ಯಾರದಾರ?”

ಕೈಯಲ್ಲಿದ್ದ ಮುಳ್ಳು ಬಿಸಾಡಿದಳು. ಆಮೇಲೆ ಕೇಳಿದಳು: “ಹಂಗಾರ ನೀ ಎಲ್ಲಿದ್ದಿ?”

ಆ ಗುಂಡುಕಲ್ಲು ತೋರಿಸಿದೆ. ಅದನ್ನೇ ಬಹಳ ಹೊತ್ತು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಎಂದಿನಂತೆ ಆರತಿ ತಟ್ಟೆ ತಂದಳು. ಹಣೆಗೆ ಕುಂಕುಮ ಹಚ್ಚಿದಳು. ಸಣ್ಣವನು ಕಥೆ ಹೇಳೆಂದು ಸೆರಗು ಜಗ್ಗಿದ. ಹೇಳಿದಳು. ಕೊಳ್ಳ, ಗಿಡ, ಕರಡಿ, ಬೆನ್ನ ಮೇಲಿನ ಮರಿಗಳು, ಎಲ್ಲ ಹಾಗೆಯೇ ಇದ್ದವು. ಆದರೆ ಈ ಸಲ ‘ನಿಮ್ಮ ಮಾಮಾ ಕೂಗಿದ’ ಎನ್ನಲಿಲ್ಲ. “ಮ್ಯಾಲಿಂದ ಒಂದು ದನಿ ಬಂತು,” ಎಂದಳು.

“ಯಾರ ದನಿ?” ಎಂದ ಹುಡುಗ.

ತಟ್ಟೆ ನನ್ನ ಮುಖದ ಮುಂದೆ ನಿಂತಿತು. ದೀಪದ ಆಚೆಯಿಂದ ಅವಳು ನನ್ನನ್ನೇ ನೋಡಿದಳು.

“ನಿಮ್ಮ ಮಾಮಾನ ದನಿ,” ಎಂದು ಮತ್ತೆ ಆರತಿ ಎತ್ತಿದಳು.