ಬೇದಾಣಿಯ ನಡುವೆ ಜರ್ದಾಳು ಗಿಡ

ಮುಂಜಾನೆ ಚಹಾ ಕುಡಿಯುತ್ತ ಕೂತಿದ್ದಾಗ ಕಪ್ಪು-ಬಸಿಯ ಪಕ್ಕ ಒಂದು ಹಳದಿ ಎಲೆ ಬಂದು ಬಿತ್ತು. ಕುಂಡದ ಗಿಡದ ಕೊನೆಯ ಎಲೆ. ನೀವಾದರೆ ಊದಿಬಿಟ್ಟು ಚಹಾ ಮುಗಿಸುತ್ತಿದ್ದಿರಿ. ನನಗೆ ಅದನ್ನು ಕಂಡಕೂಡಲೇ ಸೊಂಟ ಹಿಡಿದುಕೊಂಡಿತು. ಈ ಗಿಡ ಬೋಳಾಯಿತೆಂದರೆ ಕುಂಡದ ಸಮೇತ ಅದನ್ನು ನಮ್ಮೂರು ಸೋನ್ಯಾಳದಿಂದ ಕೋಲ್ಡ್ ಸ್ಟೋರೇಜಿಗೆ ಸಾಗಿಸಬೇಕು. ಸಾಗಿಸುವವನು ನಾನೇ. ನನಗೆ ದಣಿವಾಗಿದೆ ಎಂಬುದು ಗಿಡಕ್ಕೆ ಹೇಗೆ ಗೊತ್ತಾಗಬೇಕು?

ಇದು ಅಣ್ಣನ ಗಿಡ. ಅಣ್ಣ ಸೈನ್ಯದಲ್ಲಿ ಟ್ರಕ್ ಓಡಿಸುತ್ತಿದ್ದ. ನೌಕರಿಯ ಬಹುಪಾಲು ಹಿಮಾಲಯದ ಮಗ್ಗುಲಲ್ಲೇ ಕಳೆಯಿತು. ರಜೆಗೆ ಬಂದಾಗಲೆಲ್ಲ ಅವನ ಹೆಂಡತಿಗೆ, ಅಂದರೆ ನಮ್ಮ ವೈನಿಗೆ, ಅಲ್ಲಿಯ ಜರ್ದಾಳು ಎನ್ನುವ ಏಪ್ರಿಕಾಟ್ ಗಿಡಗಳ ವರ್ಣನೆ. "ಎಲಿ ಒಂದೂ ಇರಂಗಿಲ್ಲ, ಬರೇ ಹೂವು. ಒಮ್ಮಿ ಕರಕೊಂಡು ಹೋಗಿ ತೋರಸ್ತೀನಿ." ಆದರೆ ಅವ್ವ ಹಾಸಿಗೆ ಹಿಡಿದಿದ್ದಳು, ಹೊಲ, ದನ, ಎಲ್ಲ ವೈನಿಯ ತಲೆಯ ಮೇಲೆ. ಹೋಗುವುದು ಆಗಲೇ ಇಲ್ಲ.

ನಿವೃತ್ತನಾಗಿ ಬರುವಾಗ ಅಣ್ಣ ಡಬ್ಬಿಯೊಂದರಲ್ಲಿ ಸಸಿ ತಂದ. "ನೆಲಕ್ಕ ಹಚ್ಚಿದ್ರ ನಮ್ಮ ಬಿಸಲಿಗೆ ಸುಟ್ಟ ಹೋಗ್ತೈತಿ. ಎತ್ತಿ ನೆರಳಿಗೆ ಇಡೂವಷ್ಟ ಸಣ್ಣದಿರಬೇಕು" ಎಂದು ಅಗಲ ಕುಂಡದಲ್ಲಿ ಬೋನ್ಸಾಯ್ ಮಾಡತೊಡಗಿದ. ಅಲ್ಲಿಯ ಮಾಲಿಯೊಬ್ಬನಿಂದ ಕಲಿತಿದ್ದನಂತೆ. ಬೇರು ಕತ್ತರಿಸಿ ಮಣ್ಣು ಬದಲಿಸುವುದು, ಕೊಂಬೆಗೆ ತಂತಿ ಸುತ್ತಿ ಬಾಗಿಸುವುದು, ತೊಗಟೆಯನ್ನು ಕಚ್ಚುವ ಮೊದಲೇ ತಂತಿ ಬಿಚ್ಚುವುದು. ಟ್ರಕ್ ಓಡಿಸಿ ಒರಟಾದ ಕೈ, ಚಿಗುರು ಚಿವುಟುವಾಗ ಮಾತ್ರ ಕೂಸಿನ ಉಗುರು ತೆಗೆಯುವಷ್ಟು ಹಗುರ. ಗಿಡ ಚೆಂದವಾಗಿ ಬಾಗಿತು, ಕಾಂಡ ಮುದಿಯಾಯಿತು. ಹೂವು ಮಾತ್ರ ಬರಲಿಲ್ಲ.

"ಹೂವಿಲ್ಲದ ಗಿಡಕ್ಕ ಎಷ್ಟಂತ ನೀರ ಹಾಕೋದ್ರಿ?" ಎಂದು ವೈನಿ ಬೇಸತ್ತು ಕೇಳುವರು.

"ಅದಕ್ಕ ಥಂಡಿ ಸಾಲವಲ್ದು."

ಅಷ್ಟರಲ್ಲಿ ಅಣ್ಣನಿಗೆ ಎದೆಯ ಬೇನೆ ಶುರುವಾಗಿತ್ತು. ಅವನಿಗೆ ಅವಸರವಿತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನಾನಾಗ ಮುಚ್ಚಂಡಿ ಕಡೆಯ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಂಡಿದ್ದೆ. ನಮ್ಮ ಕಡೆ ಬೇದಾಣಿ ಎನ್ನುವ ಒಣದ್ರಾಕ್ಷಿಯನ್ನು ಅಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಇಟ್ಟಿರುತ್ತಾರೆ. ಒಂದು ದಿನ ಅಣ್ಣ ಗಿಡವನ್ನು ಎದೆಗವಚಿಕೊಂಡು ಅಲ್ಲಿಗೇ ಬಂದ. "ತಮ್ಮಾ, ಇದಕ್ಕೊಂದ ಚಳಿಗಾಲ ಕೊಡಸು."

ನಾನು ನಾಚುತ್ತಲೇ ಮಾಲಕರನ್ನು ಕೇಳಿದೆ. ಅವರು ನಕ್ಕರು: "ಗಿಡ ಬೇದಾಣಿ ತಿನ್ನಂಗಿಲ್ಲಲ್ಲ? ಇಡ್ರಿ."

ಸಂಕ್ರಾಂತಿ ಕಳೆದ ಮೇಲೆ ಹೊರಗೆ ತಂದೆವು. ಕೆಲವೇ ವಾರಗಳಲ್ಲಿ ಬೋಳು ಕೊಂಬೆಯ ತುಂಬ ತಿಳಿಗುಲಾಬಿ ಹೂವು. ಅಣ್ಣ ವೈನಿಯನ್ನು ಕರೆದ. ಅವರು ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಬಹಳ ಹೊತ್ತು ನೋಡಿದರು. "ಅಲ್ಲಿ ಇಷ್ಟ ಚಂದ ಇದ್ರ, ನೀವು ಹೊಳ್ಳಿ ಊರಿಗೆ ಹೆಂಗ ಬರ್ತಿದ್ರಿ?" ಎಂದರು.

ಮರುವರ್ಷ ಅಣ್ಣ ಇರಲಿಲ್ಲ. ಗಿಡ ನನ್ನ ಪಾಲಿಗೆ ಬಂತು. ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳೋಣ ಎಂದು ಪ್ರತಿ ಚಳಿಗಾಲ ಅನ್ನಿಸುತ್ತದೆ. ಇವತ್ತಂತೂ ಧೈರ್ಯ ಮಾಡಿ ಹೇಳಿಯೇಬಿಟ್ಟೆ: "ವೈನಿ, ಇನ್ನ ನನ್ನ ಕಡಿಂದ ಆಗಂಗಿಲ್ರಿ."

"ಹೂಂ. ಹಂಗಾದ್ರ ನಾನೂ ಬರ್ತೀನಿ. ಒಂದ ಕಡೆ ನಾ ಹಿಡೀತೀನಿ."

ಇಬ್ಬರು ಮುದುಕರು ಟಂಟಂ ರಿಕ್ಷಾದಲ್ಲಿ ಕುಂಡ ಹಿಡಿದು ಹೋದೆವು. ವೈನಿ ಕೋಲ್ಡ್ ಸ್ಟೋರೇಜಿನ ಒಳಗೆ ಕಾಲಿಟ್ಟದ್ದು ಇದೇ ಮೊದಲು. ಕುಂಡ ಕೆಳಗಿಟ್ಟು ತಮ್ಮ ಉಸಿರು ಹೊಗೆಯಾಗುವುದನ್ನೇ ನೋಡಿದರು.

"ಅವರು ಇಂಥಾ ಥಂಡ್ಯಾಗ ಇರ್ತಿದ್ರೇನಪಾ?"

"ಇದಕ್ಕಿಂತ ಭಾಳ ರಿ."

"ಹೂವಿನ ಸುದ್ದಿ ಅಷ್ಟ ಹೇಳ್ತಿದ್ರು. ಥಂಡಿ ಸುದ್ದಿ ಒಮ್ಮಿನೂ ಹೇಳಲಿಲ್ಲ."

"ಹೊರಗ ಬರ್ರಿ ವೈನಿ, ಜ್ವರ ಬಂದಾವು."

"ಇರಪಾ ಸ್ವಲ್ಪ" ಎಂದು ಅವರು ಬಿಗಿಯಾಗಿ ಹೊದ್ದಿದ್ದ ಸೆರಗನ್ನು ಸಡಿಲಿಸಿ, ಪೆಟ್ಟಿಗೆಗಳ ನಡುವೆ ನಿಂತುಕೊಂಡರು. ಹೊರಗೆ ಟಂಟಂನವನು ಹಾರ್ನ್ ಹೊಡೆಯುತ್ತಿದ್ದ. ನಾನು ಅವರನ್ನು ಮತ್ತೆ ಕರೆಯಲಿಲ್ಲ. ಬಾಗಿಲು ಮುಂದಕ್ಕೆಳೆದು ಅವರ ಪಕ್ಕದಲ್ಲಿ ಹೋಗಿ ನಿಂತೆ.