ಖಾತ್ರಿಯಿಲ್ಲದ ಮುತ್ತಜ್ಜ

ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಮಗ್ಗ ನಿಲ್ಲಿಸಿದ ಮೇಲೆ ಮನೆತನದ ವಂಶವೃಕ್ಷ ಬರೆಯತೊಡಗಿದರು. ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಯಾರು ಯಾವ ಹಿರಿಯರ ಸುದ್ದಿ ಹೇಳಿದರೂ ಕನ್ನಡಕ ಹಣೆಗೇರಿಸಿ, "ನೋಡಿದವರು ಯಾರದಾರ?" ಎನ್ನುತ್ತಿದ್ದರು.

ಮಗಳಿಗೆ ಮದುವೆ ಗೊತ್ತಾಗಿದ್ದ ದಿನಗಳಲ್ಲಿ ಹಿರೇವಡ್ಡಟ್ಟಿಯಿಂದ ಅವರ ಸೋದರತ್ತೆ ಬಂದರು. ನಾನೂ ಅಲ್ಲೇ ಇದ್ದೆ.

"ನಮ್ಮಜ್ಜ, ಅಂದ್ರ ನಿನ್ನ ಮುತ್ತಜ್ಜ, ಈ ಮನ್ಯಾಗ ಹುಟ್ಟಿದಾಂವ ಅಲ್ಲಪಾ," ಎಂದರು ಅತ್ತೆ. "ಪ್ಲೇಗಿನ್ಯಾಗ ಲಕ್ಷ್ಮೇಶ್ವರದ ಸಾಬರ ಓಣ್ಯಾಗ ಸಿಕ್ಕ ಕೂಸಂತ."

ಕಾಕಾ ಎದ್ದು ಬಾಗಿಲು ಹಾಕಿದರು. "ನೋಡಿದವರು ಯಾರದಾರ, ಅತ್ತಿ?"

"ಯಾರೂ ಇಲ್ಲ. ನಮ್ಮವ್ವ ಹೇಳ್ತಿದ್ಳು."

"ಬರೀಬ್ಯಾಡ್ರಿ," ಎಂದು ಕಾಕೂ ಗಂಡನ ಕೈ ಹಿಡಿದರು. "ಬೀಗರಿಗೆ ಖಬರ ಆದ್ರ ಮದಿವಿ ಮುರೀತೈತಿ."

ಕಾಕಾ ಕೈ ಬಿಡಿಸಿಕೊಂಡು, ಮುತ್ತಜ್ಜನ ಹೆಸರಿನ ಮೇಲೆ ಬರೆದರು: 'ತಂದೆ-ತಾಯಿ ಗೊತ್ತಿಲ್ಲ. ಲಕ್ಷ್ಮೇಶ್ವರದ ಮುಸಲ್ಮಾನರ ಓಣಿಯಲ್ಲಿ ಸಿಕ್ಕ ಕೂಸೆಂದು ಮಾತು. ಖಾತ್ರಿಯಿಲ್ಲ.' ಆ ವಂಶವೃಕ್ಷಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು.

ಬೀಗರು ಬಂದು ಓದಿದರು. "ಇದು ಖರೆ ಏನ್ರಿ?"

"ಗೊತ್ತಿಲ್ರಿ," ಎಂದರು ಕಾಕಾ. "ಗೊತ್ತಿಲ್ಲ ಅನ್ನೂದಷ್ಟ ಖರೆ."

ಮದುವೆ ಮುರಿಯಿತು.

ಅನಂತರ ಬಂದ ವರನ ಕಡೆಯವರನ್ನೆಲ್ಲ ಕಾಕಾ ಮೊದಲು ಆ ಗೋಡೆಯ ಮುಂದೆ ನಿಲ್ಲಿಸುತ್ತಿದ್ದರು. ಅವರು ಓದಿ ಮುಗಿಸುವವರೆಗೆ ಕಾಕಾ ಚಹಾದ ಬಟ್ಟಲು ಕೈಯಲ್ಲೇ ಹಿಡಿದು ನಿಂತಿರುತ್ತಿದ್ದರು.