ಟ್ಯಾನರಿ ಓಣಿಯ ಇಪ್ಪತ್ನಾಲ್ಕು ಮನೆ

ಡಾಲಸ್ಸಿನ ಉತ್ತರಕ್ಕಿರುವ ಅಲೆನ್, ಪ್ಲೇನೋ, ಲೂಯಿಸ್‌ವಿಲ್‌ಗಳಲ್ಲಿ ಮನೆ ಕೊಳ್ಳಹೊರಟ ಕನ್ನಡಿಗರು ಬ್ಯಾಂಕಿಗೆ ಹೋಗುವ ಮುಂಚೆ ವಸುಧಾ ಕಟ್ಟಿಯವರ ಬಳಿಗೆ ಹೋಗುತ್ತಿದ್ದರು. ಎಪ್ಪತ್ತೆರಡು ವರ್ಷದ ವಸುಧಾ ಆಂಟಿ ಬಿಳಿ ಟೆನಿಸ್ ಶೂ ಹಾಕಿಕೊಂಡು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಣ್ಣದ ವಾಸನೆ ಇನ್ನೂ ಆರದ ಖಾಲಿ ಮನೆಯಲ್ಲಿ ಒಂದು ಸುತ್ತು ಬರುವರು. “ಇದು ಪೂರ್ವ. ಮಂಚ ಇಲ್ಲೆ ಹಾಕ್ರಿ. ಉತ್ತರಕ್ಕ ತಲಿ ಮಾಡಿ ಮಾತ್ರ ಮಲಗಬ್ಯಾಡ್ರಿ,” ಎಂದರೆ ಮುಗಿಯಿತು. ಮನೆ ತೋರಿಸಲು ಬಂದ ಏಜೆಂಟ್ ಫೋನಿನೊಳಗಿನ ದಿಕ್ಸೂಚಿ ತೆಗೆದರೆ, ಅದರ ಬ್ಯಾಟರಿ ಸತ್ತಾಗ ಏನು ಮಾಡುತ್ತೀಯಪ್ಪ ಎಂದು ಕೇಳುವರು. ಟೆಕ್ಸಸ್ಸಿನ ರಸ್ತೆಗಳು ಈಸ್ಟ್, ವೆಸ್ಟ್ ಎಂದು ತಾವೇ ಬೋರ್ಡು ಹಾಕಿಕೊಂಡಿವೆ, ಇದರಲ್ಲಿ ಇವಳ ಹೆಚ್ಚುಗಾರಿಕೆ ಏನು ಬಂತು ಎಂದು ಅವರ ಗಂಡ ಜಯತೀರ್ಥರು ಹೇಳುವುದಿತ್ತು. ಹೆಂಡತಿ ಹಿತ್ತಲಲ್ಲಿ ಕರಿಬೇವಿಗೆ ನೀರು ಹಾಕುವ ಹೊತ್ತು ನೋಡಿ ಹೇಳುತ್ತಿದ್ದರು, ಅಷ್ಟೇ.

ವಸುಧಾ ಧಾರವಾಡದ ಮಾಳಮಡ್ಡಿಯವರು. ಬೆಳಗಾವಿಯಲ್ಲಿ ನರ್ಸಿಂಗ್ ಓದಿ, ಮದುವೆಯಾಗಿ, ೧೯೭೦ರಲ್ಲಿ ಗಂಡನೊಂದಿಗೆ ಇಂಗ್ಲೆಂಡಿಗೆ ಹೋದರು. ಯಾರ್ಕ್‌ಶೈರಿನ ಒಂದು ಕಣಿವೆಯಲ್ಲಿ ಸ್ಕಾರ್‌ಬ್ರಿಜ್ ಎಂಬ ಊರು. ಎರಡು ಗುಡ್ಡ, ನಡುವೆ ಒಂದು ಹೊಳೆ, ಹೊಳೆಯ ದಂಡೆಗೆ ಉಣ್ಣೆ ಗಿರಣಿ. ಜಯತೀರ್ಥರು ಗಿರಣಿಯ ಯಂತ್ರಗಳನ್ನು ನೋಡಿಕೊಂಡರೆ ವಸುಧಾ ಊರಿನ ಬಸುರಿಯರನ್ನು ನೋಡಿಕೊಂಡರು. ಸೈಕಲ್ಲಿನ ಹಿಂದೆ ಕಪ್ಪು ಚೀಲ ಕಟ್ಟಿಕೊಂಡು ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವುದು, ಎದ್ದು ಬರಲಾಗದ ಮುದುಕರಿಗೆ ಸೂಜಿ ಚುಚ್ಚುವುದು ಅವರ ಕೆಲಸ. ಕಟ್ಟಿ ಎಂಬ ಹೆಸರು ಅಲ್ಲಿನವರ ನಾಲಗೆಯಲ್ಲಿ ಹೊರಳದೆ ‘ನರ್ಸ್ ಕಿಟ್ಟಿ’ಯಾಯಿತು. ಐದು ವರ್ಷಗಳಾದ ಮೇಲೆ ಗಿರಣಿ ಮುಚ್ಚಿತು. ಜಯತೀರ್ಥರಿಗೆ ಡಾಲಸ್ಸಿನಲ್ಲಿ ಕೆಲಸ ಸಿಕ್ಕಿತು. ಆಮೇಲಿನ ನಲವತ್ತು ವರ್ಷ ಬಿಸಿಲು.

ಆದರೂ ವಸುಧಾ ಮಾತಿನ ನಡುವೆ “ನಮ್ಮೂರಾಗ” ಎಂದರೆ ಅದು ಧಾರವಾಡವೋ ಸ್ಕಾರ್‌ಬ್ರಿಜ್ಜೋ ಎಂದು ಕೇಳಿಯೇ ತಿಳಿಯಬೇಕಾಗಿತ್ತು.

“ಐದು ವರ್ಷ ಬಾಡಿಗಿ ಇದ್ದ ಊರು ನಮ್ಮೂರು ಹ್ಯಾಂಗ ಆಗ್ತದ?” ಎಂದು ಜಯತೀರ್ಥರು ಕೆಣಕುತ್ತಿದ್ದರು.

“ಆ ಊರಿನ ನೂರಾ ಹನ್ನೊಂದು ಮಂದಿನ್ನ ಮೊದಲು ಎತ್ತಿಕೊಂಡಾಕಿ ನಾನು. ನೀವು ಎಷ್ಟು ಮಂದಿನ್ನ ಎತ್ತಿಕೊಂಡೀರಿ?”



೨೦೧೬ರ ಮೇ ತಿಂಗಳಲ್ಲಿ ಸ್ಕಾರ್‌ಬ್ರಿಜ್‌ನಿಂದ ಒಂದು ಇಮೇಲ್ ಬಂತು. ಬರೆದವರು ಆರ್ಥರ್ ಹೋಲ್ಗೇಟ್, ನಿವೃತ್ತ ಮೇಷ್ಟರು, ಊರಿನ ಇತಿಹಾಸ ಸಂಘದ ಕಾರ್ಯದರ್ಶಿ. ಊರವರ ನೆನಪುಗಳನ್ನು ಕೂಡಿಸಿ ಒಂದು ಪುಸ್ತಕ ತರುತ್ತಿದ್ದೇವೆ, ಒಂದೊಂದು ಬೀದಿಗೆ ಒಂದೊಂದು ನಕ್ಷೆ, ಯಾವ ಮನೆಯಲ್ಲಿ ಯಾರಿದ್ದರು ಎಂದು ಗುರುತಿಸಿದ್ದೇವೆ. ಟ್ಯಾನರಿ ಓಣಿ ಮಾತ್ರ ಖಾಲಿ ಉಳಿದಿದೆ. ೧೯೭೬ರಲ್ಲಿ ಅದನ್ನು ಕೆಡವಿದರು, ಜನ ಚದುರಿಹೋದರು, ಮನೆ ನಂಬರುಗಳು ಎರಡು ಸಲ ಬದಲಾಗಿದ್ದರಿಂದ ಹಳೆಯ ಪಟ್ಟಿಗಳೂ ಉಪಯೋಗಕ್ಕೆ ಬಾರವು. ಆ ಓಣಿಯ ಎಲ್ಲ ಹೊಸ್ತಿಲನ್ನೂ ದಾಟಿದವರು ನೀವೊಬ್ಬರೇ ಎಂದು ಕೇಳಿದೆವು. ನಿಮಗೇನಾದರೂ ನೆನಪಿದೆಯೇ? ಇಮೇಲಿನ ಜೊತೆಗೆ ಹಳೆಯ ಭೂಪಟದ ಒಂದು ತುಣುಕಿತ್ತು. ಓಣಿಯ ಎರಡು ಬದಿಗೆ ಹನ್ನೆರಡು ಹನ್ನೆರಡು ಖಾಲಿ ಚೌಕ, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಅಷ್ಟು ಬಿಟ್ಟರೆ ಬೇರೇನೂ ಆ ತುಣುಕಿನಲ್ಲಿರಲಿಲ್ಲ.

ವಸುಧಾ ನೆನಪನ್ನು ಕೆದಕುವ ಗೋಜಿಗೆ ಹೋಗಲಿಲ್ಲ. ಎದ್ದುಹೋಗಿ ಕಪಾಟಿನ ಮೇಲಿನ ಸೂಟ್‌ಕೇಸಿನಿಂದ ಒಂದು ನೋಟ್‌ಬುಕ್ ತೆಗೆದರು. ಸರ್ಕಾರದ ರಿಜಿಸ್ಟರಿಗೆ ಇಂಗ್ಲಿಷಿನಲ್ಲಿ ಬರೆದದ್ದು ಸಾಲದೆಂದು ಅವರು ತಮಗಾಗಿ ಕನ್ನಡದಲ್ಲಿ ಬರೆದಿಟ್ಟುಕೊಂಡದ್ದು ಅದು. ಮನೆಗಳನ್ನು ಅವರು ನಂಬರಿನಿಂದಲ್ಲ, ಧಾರವಾಡದಲ್ಲಿ ಅಜ್ಜಿ ಹೇಳುತ್ತಿದ್ದ ಹಾಗೆ ದಿಕ್ಕಿನಿಂದಲೇ ಗುರುತು ಹಾಕಿಕೊಂಡಿದ್ದರು: ‘ಪೂರ್ವದ ತುದಿಯಿಂದ ಮೂರನೇದು, ಉತ್ತರಕ್ಕೆ ಬಾಗಿಲು, ಬೇಕರಿ ಫ್ರಾಂಕನ ಮನೆ, ಗಂಡು, ಮಂಚ ತಿರುಗಿಸಿದೆ, ಪೂರ್ವಕ್ಕೆ ತಲೆ.’ ಬಾಣಂತಿಯ ತಲೆ ಪೂರ್ವಕ್ಕಿರಬೇಕು, ಆಗದಿದ್ದರೆ ದಕ್ಷಿಣಕ್ಕೆ, ಉತ್ತರಕ್ಕೆ ಕೂಡದು. ಅದಕ್ಕಾಗಿ ಐದು ವರ್ಷ ಅವರು ಸ್ಕಾರ್‌ಬ್ರಿಜ್‌ನ ಗಂಡಸರ ಕೈಯಲ್ಲಿ ಮಂಚ ಹೊರಿಸಿದ್ದರು. ಇದು ಭಾರತದ ಹೊಸ ವೈದ್ಯಪದ್ಧತಿ ಇರಬೇಕೆಂದು ಅವರು ತುಟಿಪಿಟಕ್ಕೆನ್ನದೆ ಹೊತ್ತಿದ್ದರು.

ಒಂದು ವಾರ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿಗೂ ಜಾಗವಿರಲಿಲ್ಲ. ನೋಟ್‌ಬುಕ್ಕಿನ ದಿಕ್ಕು ನೋಡಿ, ನಕ್ಷೆಯ ದಿಕ್ಕು ನೋಡಿ, ಒಂದೊಂದೇ ಚೌಕದಲ್ಲಿ ವಸುಧಾ ಹೆಸರು ತುಂಬಿದರು. ಇಪ್ಪತ್ತಮೂರು ಮನೆ ಭರ್ತಿಯಾದವು. ಸ್ಕ್ಯಾನ್ ಮಾಡಿಸಿ ಕಳಿಸಿದರು.

ಹೋಲ್ಗೇಟರ ಉತ್ತರ ಬಹಳ ವಿನಯದ್ದು. ವಿನಯ ಹೆಚ್ಚಾದಷ್ಟೂ ಸುದ್ದಿ ಕೆಟ್ಟದೆಂದು ವಸುಧಾಗೆ ಆ ಊರು ಕಲಿಸಿತ್ತು. ‘ಪ್ರೀತಿಯ ಮಿಸೆಸ್ ಕಟ್ಟಿ, ಪಾದ್ರಿಯ ಮನೆಗೆಲಸದ ಮಿಸ್ ಥ್ವೇಟ್ ಚರ್ಚಿನ ಗೋಡೆಗೆ ಅಂಟಿದ ಮನೆಯಲ್ಲಿದ್ದರೆಂಬುದು ಊರಿಗೆಲ್ಲ ಗೊತ್ತು. ನಿಮ್ಮ ನಕ್ಷೆಯಲ್ಲಿ ಅವರು ಹೊಳೆಯ ದಂಡೆಯಲ್ಲಿದ್ದಾರೆ. ದೋಣಿ ಬಾಡಿಗೆಗೆ ಕೊಡುತ್ತಿದ್ದ ಜೋ ಚರ್ಚಿನ ಪಕ್ಕ ಬಂದಿದ್ದಾನೆ. ನಲವತ್ತು ವರ್ಷ ದೀರ್ಘ ಕಾಲ. ಮುಂದಿನ ಸೋಮವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ. ಓಣಿಯನ್ನು ಖಾಲಿ ಬಿಡುವುದೇ ಲೇಸೆಂದು ಸಮಿತಿಯ ಅಭಿಪ್ರಾಯ.’

“ನಲವತ್ತು ವರ್ಷ ದೀರ್ಘ ಕಾಲ ಅಂತ,” ವಸುಧಾ ಕನ್ನಡಕ ತೆಗೆದಿಟ್ಟರು. “ಮುದುಕಿಗೆ ಅರಳು ಮರಳು ಅಂತ ಇಂಗ್ಲಿಷಿನಾಗ ಹಿಂಗ ಬರೀತಾರ.”

“ಖಾಲಿ ಬಿಟ್ರ ಬಿಡ್ಲಿ ಬಿಡು,” ಎಂದರು ಜಯತೀರ್ಥರು.

“ಹ್ಯಾಂಗ ಬಿಡೋದು? ಓಣಿನೂ ಇಲ್ಲ, ಮಂದಿನೂ ಇಲ್ಲ. ಆ ಪುಸ್ತಕದಾಗರ ಇರಬೇಕಲ್ಲ. ನನ್ನ ನೋಟ್‌ಬುಕ್ ಸುಳ್ಳಾದ್ರ ಅವರು ಎಲ್ಲಿಗೆ ಹೋಗಬೇಕು?”

ಶನಿವಾರ ಮಗಳು ಸುಪ್ರಜಾ ಬಂದಳು. ಪ್ಲೇನೋದಲ್ಲಿ ಇಂಜಿನಿಯರ್, ಟ್ಯಾನರಿ ಓಣಿಯಲ್ಲೇ ಹುಟ್ಟಿ, ಎರಡು ವರ್ಷದವಳಾಗಿದ್ದಾಗ ಡಾಲಸ್ಸಿಗೆ ಬಂದವಳು. ಮಧ್ಯಾಹ್ನದ ಊಟವಾದ ಮೇಲೆ ಸ್ಕೈಪ್ ಹಚ್ಚಿ ಕೊಟ್ಟಳು. ಪರದೆಯ ಮೇಲೆ ಹೋಲ್ಗೇಟರ ಬೆಳ್ಳಗಿನ ಹುಬ್ಬುಗಳು ಮೂಡಿದವು.

“ಮಿಸ್ಟರ್ ಹೋಲ್ಗೇಟ್, ನಾನು ಬರೆದದ್ದು ಆಯಾ ಹೊತ್ತಿಗೆ, ಆಯಾ ಮನೆಯಲ್ಲಿ ಕೂತು ಬರೆದದ್ದು. ಓಣಿ ಚರ್ಚಿನ ಪೂರ್ವಕ್ಕಿತ್ತು. ಚರ್ಚಿನ ದೊಡ್ಡ ಬಾಗಿಲಿನ ಎದುರಿಗೇ ಶುರುವಾಗಿ ಹೊಳೆಯ ದಂಡೆಗೆ ಇಳಿಯುತ್ತಿತ್ತು.”

“ದೊಡ್ಡ ಬಾಗಿಲಿನ ಎದುರಿಗೆ ನಿಜ. ಪೂರ್ವಕ್ಕೆ ಮಾತ್ರ ಅಲ್ಲ, ಮಿಸೆಸ್ ಕಟ್ಟಿ. ಪಶ್ಚಿಮಕ್ಕೆ.”

“ದೇವರ ಮನೆಯ ದೊಡ್ಡ ಬಾಗಿಲು ಪೂರ್ವಕ್ಕಲ್ಲದೆ ಇನ್ನೆಲ್ಲಿಗಿರುತ್ತದೆ?”

ಹೋಲ್ಗೇಟರು ವಾದ ಮಾಡಲಿಲ್ಲ. ಚರ್ಚು ಅವರ ಮನೆಯಿಂದ ನಾಲ್ಕು ಹೆಜ್ಜೆ. ಟ್ಯಾಬ್ಲೆಟ್ಟನ್ನು ತಟ್ಟೆಯಂತೆ ಹಿಡಿದುಕೊಂಡು ಹೊರಟರು. ಪರದೆಯಲ್ಲಿ ಮೊದಲು ಅವರ ಚಪ್ಪಲಿ, ಆಮೇಲೆ ಕಲ್ಲುಹಾಸು, ಆಮೇಲೆ ಚರ್ಚಿನ ದೊಡ್ಡ ಬಾಗಿಲು ಕಂಡವು. ಬಾಗಿಲಿನ ಹಳೇ ಮರದ ಮೇಲೆ ಬಂಗಾರದಂಥ ಬಿಸಿಲು ನೇರವಾಗಿ ಬಿದ್ದಿತ್ತು. ಹೋಲ್ಗೇಟರು ತಿರುಗಿ ನಿಂತಾಗ ಕಣ್ಣಿಗೆ ಕೈ ಅಡ್ಡ ಹಿಡಿಯಬೇಕಾಯಿತು.

ವಸುಧಾ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರಕ್ಕೆ ಬಾಗಿದರು. “ಅಲ್ಲಿ ಈಗ ಗಂಟೆ ಎಷ್ಟು?” ಎಂದು ಕೇಳಿದರು.

“ಸಂಜೆ ಏಳೂವರೆ.”

“ಒಂದೈದು ನಿಮಿಷ ಇರಿ,” ಎಂದು ವಸುಧಾ ಪರದೆ ಮಗುಚಿಟ್ಟರು.

“ಏನ ಆತು?” ಎಂದರು ಜಯತೀರ್ಥರು.

“ಸೂರ್ಯ ಪೂರ್ವಕ್ಕ ಮುಳುಗಲಿಕ್ಕೆ ಹತ್ಯಾನ.”

ನಡೆದದ್ದು ಇಷ್ಟೇ. ಅವರು ಆ ಊರಿಗೆ ಹೋದದ್ದು ನವೆಂಬರಿನಲ್ಲಿ. ಫೆಬ್ರವರಿಯ ತನಕ ಆಕಾಶದಲ್ಲಿ ಸೂರ್ಯ ಎಲ್ಲಿದ್ದಾನೆಂಬುದೇ ತಿಳಿಯುತ್ತಿರಲಿಲ್ಲ. ದಿಕ್ಕಿಲ್ಲದೆ ಒಂದು ದಿನವೂ ಬದುಕಿ ಗೊತ್ತಿಲ್ಲದ ವಸುಧಾ ಚರ್ಚನ್ನು ನೋಡಿದರು, ಅದರ ಬಾಗಿಲನ್ನು ಪೂರ್ವವೆಂದುಕೊಂಡರು, ಮಾಳಮಡ್ಡಿಯ ಮಠದ ಬಾಗಿಲಿನ ಹಾಗೆ. ಆ ದೇಶದ ಚರ್ಚುಗಳಲ್ಲಿ ಪೂಜೆಯ ವೇದಿಕೆ ಪೂರ್ವಕ್ಕೂ ದೊಡ್ಡ ಬಾಗಿಲು ಪಶ್ಚಿಮಕ್ಕೂ ಇರುತ್ತದೆಂದು ಅವರಿಗೆ ಯಾರು ಹೇಳಬೇಕು? ತಲೆಯಲ್ಲಿ ಕೂತ ದಿಕ್ಕು ಏಳಲಿಲ್ಲ.

“ಅಲ್ಲ, ಐದು ವರ್ಷದಾಗ ಒಂದು ದಿನನೂ ಬಿಸಿಲು ನೋಡ್ಲಿಲ್ಲೇನು ನೀನು?” ಜಯತೀರ್ಥರು ನಗು ತಡೆದುಕೊಂಡು ಕೇಳಿದರು.

“ಬಿಸಿಲು ಬಿತ್ತಂದ್ರ ಅರಿವಿ ಒಣಹಾಕಲಿಕ್ಕೆ ಓಡೋದ್ರಿ ಅಲ್ಲೆ. ಯಾವ ಕಡಿಂದ ಬಂತು ಅಂತ ಯಾರು ನೋಡಿದ್ರು? ನೀವರ ಹೇಳಬೇಕಿಲ್ಲೇನು?”

“ನನಗ ಯಾರು ಕೇಳಿದ್ರು?”

ವಸುಧಾ ಆಗಲೇ ನೋಟ್‌ಬುಕ್ಕಿನ ಹಾಳೆ ತಿರುವುತ್ತಿದ್ದರು. ನಕ್ಷೆ ತಿರುಗಿಸಿದರೆ ಸರಿಯಾಗುತ್ತದೆ, ಅದು ಸುಲಭ. ಅವರ ಬೆರಳು ಹೋಗಿ ನಿಂತದ್ದು ಬೇರೆ ಕಡೆ. ಪೂರ್ವಕ್ಕೆ ತಲೆ ಎಂದು ಬರೆದದ್ದೆಲ್ಲ ಪಶ್ಚಿಮ, ಹೋಗಲಿ. ದಕ್ಷಿಣಕ್ಕೆ ತಲೆ ಎಂದು ಬರೆದದ್ದು ಹತ್ತೊಂಬತ್ತು ಕಡೆ. ಆ ಹತ್ತೊಂಬತ್ತು ಬಾಣಂತಿಯರ ತಲೆಯನ್ನು ಅವರು ಮಂಚ ಸಮೇತ ಹೊರಿಸಿ ತಂದು ಉತ್ತರಕ್ಕೆ ಇಟ್ಟಿದ್ದರು. ಹದಿನೇಳನೆಯ ಹೆಸರು ಅವರದೇ.

“ಸುಪ್ರಜಾ,” ಎಂದರು ಮೆಲ್ಲಗೆ. “ನೀನೂ ಹಂಗ ಹುಟ್ಟೀದಿ ನೋಡ.”

ಸುಪ್ರಜಾ ಅಡುಗೆಮನೆಯ ಕಟ್ಟೆಗೆ ಒರಗಿ ಬಿದ್ದು ಬಿದ್ದು ನಕ್ಕಳು. “ಅಮ್ಮಾ, ದಟ್ ಎಕ್ಸ್‌ಪ್ಲೇನ್ಸ್ ಎವ್ರಿಥಿಂಗ್. ಜಿಪಿಎಸ್ ಇಲ್ದ ನಾನು ಇಲ್ಲೇ ಇರೋ ಕಾಸ್ಟ್‌ಕೋ ಅಂಗಡಿಗೂ ಹೋಗೋಕೆ ಆಗಲ್ಲ.”

ವಸುಧಾ ನಗಲಿಲ್ಲ. ನೋಟ್‌ಬುಕ್ ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತರು. ಹಾಳೆಯನ್ನು ತಲೆಕೆಳಗಾಗಿ ಹಿಡಿದಿದ್ದೆ ಎಂದು ಹೋಲ್ಗೇಟರಿಗೆ ಹೇಳಿಬಿಡಬಹುದು, ಮಂಚದ ಸುದ್ದಿ ಎತ್ತಬೇಕಾಗಿಲ್ಲ. ಜಯತೀರ್ಥರು ಅದನ್ನೇ ಸೂಚಿಸಿದರು, “ಸುಮ್ನ ಯಾಕ ಮರ್ಯಾದಿ ಕಳಕೋತಿ?” ಆದರೆ ನೋಟ್‌ಬುಕ್ಕನ್ನು ನಂಬಿ ಎಂದು ಕೇಳಿದವರು ಅದು ಎಲ್ಲಿ ಸುಳ್ಳು ಎಂದೂ ಹೇಳಬೇಕಲ್ಲ. ಪರದೆ ಎತ್ತಿದರು. ಹೋಲ್ಗೇಟರು ಚರ್ಚಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ವಸುಧಾ ಬಾಗಿಲಿನಿಂದ ಹಿಡಿದು ಹತ್ತೊಂಬತ್ತನೆಯ ಮಂಚದವರೆಗೆ ಎಲ್ಲವನ್ನೂ ಹೇಳಿದರು.

ಹೋಲ್ಗೇಟರು ಗಲ್ಲ ಕೆರೆದುಕೊಂಡರು. “ನಾನು ಈ ತನಕ ಹೇಳಲಿಲ್ಲ, ನರ್ಸ್ ಕಿಟ್ಟಿ. ಗುಡ್ಡದ ಮೇಲಿನ ಓಣಿಯಲ್ಲಿ ನನ್ನ ಮಗ ಹುಟ್ಟಿದಾಗ ನೀವು ಬಂದಿದ್ದಿರಿ. ನನ್ನ ಅಜ್ಜನ ಕಾಲದ ಓಕ್ ಮಂಚ ಅದು. ನಾನೂ ಪಕ್ಕದ ಮನೆಯವನೂ ಸೇರಿ ಕೋಣೆಯ ಈ ಕಡೆಯಿಂದ ಆ ಕಡೆಗೆ ಹೊತ್ತೆವು. ಅವತ್ತಿನಿಂದ ನನಗೆ ಸೊಂಟ ನೋವು. ಹಾಗಾದರೆ ಮಂಚ ಮೊದಲೇ ಸರಿಯಾಗಿತ್ತು ಅನ್ನುತ್ತೀರಿ.”

“ಹೌದು, ಮಿಸ್ಟರ್ ಹೋಲ್ಗೇಟ್,” ಎಂದರು ವಸುಧಾ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ದನಿಯಲ್ಲಿ. “ಮಗ ಹೇಗಿದ್ದಾನೆ?”

“ಆರಡಿ ಎರಡಿಂಚು. ಲಾರಿ ಓಡಿಸುತ್ತಾನೆ. ಒಂದು ದಿನ ನೆಗಡಿಯೂ ಬಂದದ್ದಿಲ್ಲ.”

ಆಗ ವಸುಧಾ ನಕ್ಕರು. ಒಮ್ಮೆ ಶುರುವಾದ ನಗು ನಿಲ್ಲಲಿಲ್ಲ. ಸುಪ್ರಜಾ ನೀರು ತಂದು ಕೊಡಬೇಕಾಯಿತು.

ಆ ಮಧ್ಯಾಹ್ನವೇ ನಕ್ಷೆಯನ್ನು ತಿರುಗಿಸಿ ಹೆಸರುಗಳನ್ನು ಒಂದೊಂದಾಗಿ ಓದಿದರು. ಮಿಸ್ ಥ್ವೇಟ್ ಚರ್ಚಿನ ಗೋಡೆಗೆ ಬಂದು ಅಂಟಿದರು. ಜೋ ತನ್ನ ದೋಣಿಗಳ ಬಳಿಗೆ ಇಳಿದ. ಬೇಕರಿ ಫ್ರಾಂಕ್ ನೆರಳಿನಿಂದ ಬಿಸಿಲಿಗೆ ಬಂದ. ಮನೆಗೆ ಮರಳಿದ ಹೋಲ್ಗೇಟರು ಆ ತುದಿಯಲ್ಲಿ ತಮ್ಮ ನಕ್ಷೆ ಹಾಸಿಕೊಂಡು, ಒಂದೊಂದಕ್ಕೂ ಸರಿ, ಸರಿ ಎನ್ನುತ್ತ ಬರೆದುಕೊಂಡರು. ಓಣಿ ಸೋಮವಾರ ಅಚ್ಚಿಗೆ ಹೋಗುತ್ತದೆ ಎಂದರು. ಆಮೇಲೆ ಪೆನ್ಸಿಲಿನಿಂದ ಎಣಿಸಿದರು.

“ಒಂದು ಉಳಿಯಿತಲ್ಲ. ದಕ್ಷಿಣದ ಸಾಲಿನಲ್ಲಿ ಆರನೆಯದು. ಅದರಲ್ಲಿ ಯಾರಿದ್ದರು?”

ವಸುಧಾ ಗಂಡನ ಕಡೆ ನೋಡಿದರು.

“ಅದರಲ್ಲಿ ನಾವಿದ್ದೆವು. ಇದು ಊರವರ ಪುಸ್ತಕ ಅಂತ ನಾನು...”

“ಹೌದು, ಊರವರದೇ,” ಎಂದರು ಹೋಲ್ಗೇಟರು. “ಹೆಸರು ಹೇಳಿ, ಬರೆದುಕೊಳ್ಳುತ್ತೇನೆ.”

ಜಯತೀರ್ಥರು ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಬಂದು ಕೂತರು. ವಸುಧಾ ಮೂರು ಹೆಸರುಗಳನ್ನೂ ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದರು. ಜಯತೀರ್ಥರ ಹೆಸರು ಆ ಚೌಕದಲ್ಲಿ ಹಿಡಿಯಲಿಲ್ಲ. ಹೋಲ್ಗೇಟರು ಅದನ್ನು ಗೆರೆ ದಾಟಿಸಿ ಮನೆಯ ಅಂಗಳಕ್ಕೆ ಚಾಚಿ ಬರೆದರು.